ಬಟ್ಟಲಂಥ ಅಂಗೈ

ಮಾರ್ಚ್ ೧೧, ಭಾನುವಾರ

ಪ್ರೀತಿಯ ಅಕ್ಕಾ,

‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಮನಸ್ಸು ಬರಲಿಲ್ಲ. ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯಿ. ಇದು ಎಡಗೈ ಬರಹ, ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ.

ಮಗಳ ಕಾಯಿಲೆ ಏನೆಂದು ದೀಪಾವಳಿ ಹೊತ್ತಿಗೆ ಕೊನೆಗೂ ತಿಳಿಯಿತು. “ಎಲ್ಲರ ಶ್ವಾಸನಾಳದಲ್ಲೂ ಕಣ್ಣಿಗೆ ಕಾಣದ ಪುಟ್ಟ ಕೂದಲು ಇರ್ತವೆ, ಕಫಾನ ಮೇಲಕ್ಕೆ ಗುಡಿಸ್ತಾನೇ ಇರ್ತವೆ. ನಿಮ್ಮ ಮಗೂದು ಹುಟ್ಟಿನಿಂದ ಅಲ್ಲಾಡಲ್ಲ. ಆ ಕೆಲಸ ನಿಮ್ಮ ಕೈ ಮಾಡಬೇಕು” ಎಂದರು ಡಾಕ್ಟರಮ್ಮ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಬೆಳಿಗ್ಗೆ ಸಂಜೆ ಬೆನ್ನಿಗೆ ಬಡಿಯಬೇಕು. ನಾನು ಬಡಿಯುತ್ತಿದ್ದರೆ ಆ ಮೊಂಡಿ ನನ್ನ ಮಡಿಲಲ್ಲೇ ನಿದ್ದೆ ಹೋಗುತ್ತಿದ್ದಳು. ಪಕ್ಕದ ಮನೆಯವರಿಗೂ ಆ ಸದ್ದು ಅಭ್ಯಾಸವಾಯಿತು. ನನಗೆ ಬೀಳುವ ಏಟೂ ಅದರಲ್ಲೇ ಸೇರಿಹೋಯಿತು.

ಕಳೆದ ತಿಂಗಳು ಒಂದು ಸಂಜೆ, ಗಾಜಿನಂಗಡಿಯಿಂದ ಬಂದ ಇವರಿಗೆ ಸ್ನಾನದ ನೀರು ತಣ್ಣಗಾಗಿತ್ತಂತೆ. ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದರು. ಬಾಯಲ್ಲಿ ರಕ್ತ ಬಂತು. ಬೀಳಬಾರದೆಂದು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ಕೈಯ ಮೇಲೇ ಬಾಗಿಲು ಬಡಿದರು, ಮತ್ತೆ ತೆರೆದು ಮತ್ತೆ ಬಡಿದರು. ಮೂಳೆ ಮುರಿದದ್ದು ನನ್ನ ಕಿವಿಗೇ ಕೇಳಿಸಿತು. ಮಾರನೇ ದಿನ ಪಕ್ಕದ ಮನೆಯಾಕೆ ಪ್ಲಾಸ್ಟರ್ ನೋಡಿ, “ಅಯ್ಯೋ, ನಿನ್ನೆ ಮಗೂಗೆ ಕಫ ಜಾಸ್ತಿ ಇತ್ತೇನ್ರೀ? ಬಡಿದೂ ಬಡಿದೂ ಕೈಯೇ ಮುರ್ಕೊಂಡ್ರಾ?” ಎಂದು ನಕ್ಕರು. ನಾನೂ ಹೂಂ ಎಂದು ನಕ್ಕೆ.

ಮನೆ ಬಿಡಲು ನನಗೆ ಹೆದರಿಕೆಯಿಲ್ಲ. ಬಿಟ್ಟರೆ ಅವಳ ಬೆನ್ನು ಬಡಿಯುವವರು ಯಾರು? ಎಡಗೈಯಲ್ಲಿ ಬಡಿದು ನೋಡಿದೆ. ಬಲ ಸಾಲಲಿಲ್ಲ, ಮಗುವಿನ ತುಟಿ ನೀಲಿಗಟ್ಟಿತು. ನೀನು ಬಾ ಅಕ್ಕಾ. ಬೇಕರಿಯಲ್ಲಿ ಹಿಟ್ಟು ನಾದುವ ಕೈ, ಚಿಕ್ಕಂದಿನಲ್ಲಿ ನನ್ನ ಬೆನ್ನಿಗೆ ಗುದ್ದಿ ಗುದ್ದಿ ಪಳಗಿದ ಕೈ, ಒಂದೇ ದಿನದಲ್ಲಿ ಕಲಿಯುತ್ತೀಯ. ನಮ್ಮಿಬ್ಬರನ್ನೂ ನಿನ್ನ ಜೊತೆ ಕರೆದುಕೊಂಡು ಹೋಗು.

ಭಾವನಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿರಲಿ, ಅವರ ಮೈಮೇಲೆ ಯಾರ ಕೈಯೂ ಏಳದಿರಲಿ.

ನಿನ್ನ
ತಂಗಿ

ಮತ್ತೆ: ಈಗ ಮಗಳ ಬೆನ್ನು ಬಡಿಯುವವನು ಅವನೇ. ಗಾಜು ಕತ್ತರಿಸುವ ಕೈ ನೋಡು, ನನಗಿಂತ ಚೆನ್ನಾಗಿ ಬಡಿಯುತ್ತಾನೆ. ಬೆನ್ನು ಒಂದಿಷ್ಟೂ ಕೆಂಪಾಗುವುದಿಲ್ಲ. ಸಿಟ್ಟಿನಲ್ಲಿ ಪಾಪ, ಕೈ ಹಿಡಿತ ತಪ್ಪುತ್ತದೆ ಎಂದುಕೊಂಡು ಇಷ್ಟು ವರ್ಷ ಸಹಿಸಿದೆ. ಅದು ಯಾವತ್ತೂ ತಪ್ಪಿರಲಿಲ್ಲ ಅಕ್ಕಾ. ಇವತ್ತು ಬೆಳಿಗ್ಗೆ ಮೊಂಡಿ ಅವನ ತೊಡೆಯ ಮೇಲೆ ಮಲಗಿಕೊಂಡೇ ಹೇಳಿದಳು: “ಅಪ್ಪಾ, ಅಮ್ಮಂಗೂ ಹೀಗೇ ಹೊಡಿ. ನೋವಾಗಲ್ಲ.”