ಗೇರ್ ಪೆಟ್ಟಿಗೆಗೆ ಇರುವೆ ಸಾಲು

೨೦ ಜೂನ್ ೧೯೩೪, ಬುಧವಾರ. ವಳಸಂಗ

ಬೆಳಿಗ್ಗೆ ಅಕ್ಕಲಕೋಟೆಗೆ ಒಂದು ಟ್ರಿಪ್. ಮೋಟಾರಿನ ಹಿಂದೆ ಸೋಲಾಪುರದ ನವಿ ಪೇಠದ ಬಟ್ಟೆ ಗಂಟು, ಮೇಲೆ ಗಾಜಿನ ಸಾಮಾನಿನ ಪೆಟ್ಟಿಗೆ. ಹಳ್ಳ ದಾಟಿ ಏರು ಹತ್ತುವಾಗ ಮೂರರಿಂದ ಎರಡನೇ ಗೇರಿಗೆ ಇಳಿಸಿದೆ. ಎಂದಿನಂತೆ ಕರ್ರ್... ಗಾಜಿನ ಸಾಮಾನಿನ ಶೇಟಜಿ ಪಕ್ಕದಲ್ಲೇ ಕುಳಿತಿದ್ದರು. ಕಣ್ಣು ಮುಚ್ಚಿಕೊಂಡರು.

ಬರುವಾಗ ಗಾಡಿಯನ್ನು ತಮ್ಮ ಬಸಣ್ಣನ ಕೈಗೆ ಕೊಟ್ಟೆ. ಅದೇ ಹಳ್ಳ, ಈ ಕಡೆಯ ಏರು. ಕ್ಲಚ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ಎರಡನೇ ಗೇರ್ ಹಾಕಿದ. ಸದ್ದೇ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹಾಗೆ ಎರಡು ಸಲ ಕ್ಲಚ್ ಒತ್ತುವುದನ್ನು ಅವನಿಗೆ ಕಲಿಸಿದವನು ನಾನು. ನಾನು ಸೋಲಾಪುರದಲ್ಲಿ ಒಂದು ಮಳೆಗಾಲ ಪೂರ್ತಿ ಬೈಸಿಕೊಂಡು ಕಲಿತದ್ದು. ಅವನು ವಾರದೊಳಗೆ ಕಲಿತ. ನನಗೆ ಬೈಯಲೂ ಆಸ್ಪದ ಕೊಡಲಿಲ್ಲ.

ಸಂಜೆ ಭೀಮಶಾ ಕಾಕಾ ಇಬ್ಬರನ್ನೂ ಕಟ್ಟೆಗೆ ಕರೆದರು.

"ಕಾರಹುಣ್ಣಿಮಿ ಆಗ್ಲಿ. ಭಂಡಾರಕವಠೆ ಹೊಲಾ ಹಂಗ ಬಿಟ್ರ ನಡ್ಯಂಗಿಲ್ಲ. ಒಬ್ಬಾಂವ ಅಲ್ಲೇ ಹೋಗಿ ಇರಬೇಕು. ಒಬ್ಬಾಂವ ಮೋಟಾರ ನೋಡ್ಕೋಬೇಕು. ಯಾರು ಎಲ್ಲೆ ಅನ್ನೂದು ಆಮ್ಯಾಲ ಹೇಳ್ತೀನಿ."

ಅಷ್ಟೇ. ಎದ್ದು ಒಳಗೆ ಹೋದರು.

ಬಸಣ್ಣ ಅವರ ಮಗ. ನಾನು ಅವರ ತೀರಿಹೋದ ಅಣ್ಣನ ಮಗ. ಕಾಕಾ ಈವರೆಗೆ ಭೇದ ಮಾಡಿದವರಲ್ಲ, ಸುಳ್ಳು ಹೇಳಬಾರದು. ಭೇದ ಮಾಡುತ್ತಿರುವುದು ಆ ಗೇರ್ ಪೆಟ್ಟಿಗೆ.

೨೩ ಜೂನ್, ಶನಿವಾರ

ಗಾಡಿಗೆ ವಯಸ್ಸಾಗಿದೆ. ಯಾರೋ ವ್ಯಾಪಾರಿ ಹತ್ತು ವರ್ಷ ಕಾರಾಗಿ ಓಡಿಸಿದ್ದ. ನಾವು ಕೊಂಡು, ಹಿಂದಿನ ಅರ್ಧ ಕೊಯ್ಸಿ, ಸಾಗವಾನಿ ಹಲಗೆ ಹೊಡೆಸಿ ಸಾಮಾನಿನ ಗಾಡಿ ಮಾಡಿಕೊಂಡೆವು. ಭಾರ ಬಿದ್ದರೆ ಎರಡನೇ ಗೇರ್ ತಾನಾಗಿ ಹಾರಿ ಹೊರಬರುತ್ತದೆ. ನಾನು ಗೇರ್ ಕೋಲನ್ನು ಮಂಡಿಯಿಂದ ಒತ್ತಿ ಹಿಡಿಯುತ್ತೇನೆ. ಅವನು ಒತ್ತುವುದಿಲ್ಲ. ಅವನಿಗೆ ಹಾರುವುದೂ ಇಲ್ಲ. ಕಬ್ಬಿಣಕ್ಕೂ ಪಕ್ಷಪಾತ!

ಮಧ್ಯಾಹ್ನ ನನ್ನ ಹೆಂಡತಿ ಶಾರದಾ ಬಡಿಸುತ್ತ ನಗೆಯಾಡಿದಳು. "ಬಸಣ್ಣ ಬಂದ್ರ ಬಂದದ್ದ ಗೊತ್ತಾಗಂಗಿಲ್ಲ. ನೀವು ಬಂದ್ರ ಊರ ಅಗಸಿ ಬಾಗಲದಿಂದನ ಕೇಳಸ್ತೈತಿ. ಚೊಲೋನ ಆತು, ಆಗ ರೊಟ್ಟಿ ಬಡ್ಯಾಕ ಕೂಡ್ತೀನಿ."

"ಹಂಗಾದ್ರ ಆ ಬಸಣ್ಣಗ ಬಡಸು ಹೋಗು" ಅಂದೆ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದೆ. ಅವಳ ಮುಖ ಸಣ್ಣದಾಯಿತು.

ಕೈತೊಳೆಯಲು ನೀರು ಹಾಕುವಾಗ ಮೆಲ್ಲಗೆ ಕೇಳಿದಳು, "ಎತ್ತೆಲ್ಲಾ ನಿಮ್ಮ ಮಾತು ಕೇಳ್ತಾವ. ಈ ಮೋಟಾರ ಯಾಕ ಕೇಳವಲ್ದು?"

ನನಗೆ ಗೊತ್ತಿದ್ದರಲ್ಲವೇ ಹೇಳುವುದು?

೨೭ ಜೂನ್, ಕಾರಹುಣ್ಣಿಮೆ

ಗಾಡಿಗೆ ರಜೆ. ಎತ್ತಿಗೆ ಹಬ್ಬ. ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿದೆವು. ಆಮೇಲೆ ಗೊಟ್ಟ — ಕುಸುಬೆ ಎಣ್ಣೆ, ಬೆಲ್ಲದ ನೀರು, ಅರಿಶಿನ ಕಲಸಿ ಬಿದಿರು ಕೊಳವೆಯಿಂದ ಎತ್ತಿನ ಗಂಟಲಿಗೆ ಇಳಿಸುವುದು. ನಾನು ಬಾಯಿ ಅಗಲಿಸಿ ಹಿಡಿದೆ, ಶಾರದಾ ಹೊಯ್ದಳು. ಎತ್ತುಗಳು ಅವಳ ಕೈಯಲ್ಲಿ ತಕರಾರಿಲ್ಲದೆ ನುಂಗುತ್ತವೆ.

ಬಸಣ್ಣ ಗಾಡಿ ತೊಳೆದ. ಕಾಲಡಿಯ ಹಲಗೆ ತೆಗೆದು, ಗೇರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಎಣ್ಣೆ ಎಷ್ಟಿದೆ ಎಂದು ಕಡ್ಡಿ ಅದ್ದಿ ನೋಡಿದ. ಹಬ್ಬದ ದಿನವೇ ನೋಡಬೇಕೇ? ಕಾಕಾ ಕಟ್ಟೆಯ ಮೇಲಿಂದ ಕಾಣುವ ಹಾಗೇ ನೋಡಬೇಕೇ? ಕಾಕಾ ಮೀಸೆಯಲ್ಲೇ ನಗುತ್ತಿದ್ದರು.

ಹೋಳಿಗೆ ರುಚಿ ಹತ್ತಲಿಲ್ಲ.

೨೮ ಜೂನ್, ಗುರುವಾರ

ಸಂತೋಷಪಡಬಾರದು. ಪಟ್ಟೆ.

ಬಸಣ್ಣನೇ ಓಡಿಸುತ್ತಿದ್ದ. ಹಿಂದೆ ಬಿತ್ತನೆ ಶೇಂಗಾದ ಚೀಲಗಳು. ಹಳ್ಳದ ಏರಿನಲ್ಲಿ ಎರಡನೇ ಗೇರ್ ಹಾಕಿದ — ಕರ್ರ್ರ್! ಅವನ ಕೈಯಲ್ಲಿ! ಮತ್ತೆ ಹಾಕಿದ. ಬಿತ್ತು, ಹಾರಿತು. ಗಾಡಿ ಹಿಂದಕ್ಕೆ ಉರುಳತೊಡಗಿತು. ನಾನು ಜಿಗಿದು ಗಾಲಿಗೆ ಕಲ್ಲು ಕೊಟ್ಟೆ.

"ಅಣ್ಣಾ, ಕೋಲ ಜಿಗಟ ಆಗೇತಿ" ಅಂದ. ಹಣೆ ತುಂಬ ಬೆವರು.

"ಕೈ ಜಿಗಟ ಆಗಿರಬೇಕು ನೋಡ್ಕೋ" ಅಂದೆ.

ಅರ್ಧ ಚೀಲ ಇಳಿಸಿ, ಒಂದನೇ ಗೇರಿನಲ್ಲೇ ತೆವಳಿಸಿಕೊಂಡು ಬಂದೆವು. ಮನೆಗೆ ಬಂದು ಮೂರು ರೊಟ್ಟಿ ತಿಂದೆ.

೨೯ ಜೂನ್, ಶುಕ್ರವಾರ

ಪರೀಕ್ಷೆ. ಎಂಜಿನ್ ಓಡುತ್ತಿರಲಿ ಎಂದು ಬಿಟ್ಟು, ಗೇರ್ ಹಾಕದೆ ಕಿವಿಗೊಟ್ಟೆ. ಹೂಂಗುಡುತ್ತಿದೆ. ಕ್ಲಚ್ ಒತ್ತಿದೆ. ಸದ್ದು ನಿಂತಿತು. ಅಂದರೆ ಎಂಜಿನ್ನಿನದಲ್ಲ, ಪೆಟ್ಟಿಗೆಯೊಳಗಿನ ದೋಷ. ತಂಪಿದ್ದಾಗ ಗೇರ್ ಸಲೀಸಾಗಿ ಬೀಳುತ್ತದೆ. ಒಂದು ಹರದಾರಿ ಓಡಿ ಬಿಸಿಯಾದರೆ ಕೋಲು ಅಂಟಿಕೊಳ್ಳುತ್ತದೆ. ವಿಚಿತ್ರ. ಬಿಸಿಯಾದರೆ ಎಣ್ಣೆ ತೆಳ್ಳಗಾಗಬೇಕಲ್ಲವೇ?

ಬಸಣ್ಣ ಅಂದ, "ಎಣ್ಣಿದ ಏನರೆ ಆಗೇತಿ ಅಣ್ಣಾ. ಪೆಟ್ಟಗಿ ಬಿಚ್ಚೂಣು."

ನನಗೂ ಅದೇ ಅನುಮಾನ ಬಂದಿತ್ತು. ಆದರೆ ಅವನು ಮೊದಲು ಅಂದುಬಿಟ್ಟ. ಅದಕ್ಕೇ "ಬ್ಯಾಡ, ಎಣ್ಣಿದಲ್ಲ" ಅಂದೆ. "ಇಳಿಜಾರಿನ್ಯಾಗ ಗೇರ್ ತಗದು ಬಿಡ್ತಿಯಲ್ಲ, ಅದರಿಂದ ಹಲ್ಲು ಸವದಾವ." ಕಾಕಾಗೆ ಕೇಳುವ ಹಾಗೆ ಅಂದೆ.

ಇಳಿಜಾರಿನಲ್ಲಿ ಗೇರ್ ತೆಗೆಯುವವನು ನಾನು. ಅವನು ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು.

೩೦ ಜೂನ್, ಶನಿವಾರ

ಇವತ್ತೂ ನಿಂತೇ ಇದೆ. ಬೆಳಿಗ್ಗೆ ಗಾಡಿಯ ಕೆಳಗೆ ತೂರಿದೆ. ಇರುವೆ ಸಾಲು. ಗಾಲಿ ಹತ್ತಿ, ಅಚ್ಚಿನ ಮೇಲೆ ಹಾದು, ನೆಟ್ಟಗೆ ಗೇರ್ ಪೆಟ್ಟಿಗೆಗೆ. ಎಣ್ಣೆ ಒಸರಿದ ಕಡೆ ಮುತ್ತಿಕೊಂಡಿವೆ. ಗೇರ್ ಎಣ್ಣೆಗೆ ಇರುವೆ ಹತ್ತಿದ್ದು ಕೇಳಿದ್ದೀರಾ ಯಾರಾದರೂ? ಎಂಜಿನ್ ಶುರು ಮಾಡಿ ಬಿಸಿ ಮಾಡಿದೆ. ಮೂಗು ಹತ್ತಿರ ಒಯ್ದರೆ ಆಲೆಮನೆಯ ವಾಸನೆ. ತಲೆ ಕೆಟ್ಟಿತು.

ಬಿಚ್ಚದೆ ಗತಿಯಿಲ್ಲ. ನಾಳೆ.

೧ ಜುಲೈ, ರವಿವಾರ

ಬಿಚ್ಚಿದೆವು. ಕೆಳಗಿನ ಬಿರಡೆ ತೆಗೆದಾಗ ಮೊದಲು ಹಳದಿ ನೀರು ಬಂತು. ಆಮೇಲೆ ಎಣ್ಣೆ. ಮೇಲಿನ ಮುಚ್ಚಳ ಎತ್ತಿದರೆ ಹಲ್ಲುಗಾಲಿಗಳಿಗೆಲ್ಲ ಬೆಲ್ಲದ ಪಾಕ ಮೆತ್ತಿ, ನಡುನಡುವೆ ಅರಿಶಿನ. ಬೆರಳಲ್ಲಿ ಎಳೆದರೆ ಎಳೆ ಬರುತ್ತಿತ್ತು.

ಗೊಟ್ಟ! ಯಾರೋ ಗೇರ್ ಪೆಟ್ಟಿಗೆಗೆ ಗೊಟ್ಟ ಹಾಕಿದ್ದಾರೆ!

ಕಾಕಾ ಎದ್ದು ಬಂದರು. ಬಗ್ಗಿ ನೋಡಿದರು. ಅವರ ದನಿ ಏರಲಿಲ್ಲ, ಅದೇ ಹೆದರಿಕೆ. "ಹುಣ್ಣಿಮಿ ದಿನಾ ಮುಚ್ಚಳ ಬಿಚ್ಚಿದಾಂವ ಯಾಂವ?"

ಬಸಣ್ಣ ಬಾಗಿಲ ಕಡೆ ನೋಡಿದ. ಅಲ್ಲಿ ಶಾರದಾ ನಿಂತಿದ್ದಳು. "ವೈನಿ, ಒಳಗ ಹೋಗ್ರಿ, ಚಹಾ ಇಡ್ರಿ" ಅಂದ. ನನ್ನ ಹೆಂಡತಿಗೆ ಕೆಲಸ ಹೇಳಲು ಇವನ್ಯಾರು? ಆಮೇಲೆ ಕಾಕಾ ಕಡೆ ತಿರುಗಿ, "ನಾನಪ್ಪಾ. ಎತ್ತಿನಂಗ ಇದೂ ದುಡೀತೈತಿ ಅಂತ ಒಂದು ಗೊಟ್ಟ ಹಾಕಿದೆ" ಅಂದ.

ಕಾಕಾ ಮಗನ ಕಡೆ ತಿರುಗಿದರು. "ಕಬ್ಬಿಣಕ್ಕ ಗೊಟ್ಟ ಹಾಕೋ ಶಾಣ್ಯಾಗ ಎತ್ತ ಚೊಲೋ. ನಾಳೆ ಭಂಡಾರಕವಠೆಗೆ ಹೋಗು. ಮೋಟಾರ ಕಲ್ಯಾಣಪ್ಪ ನೋಡ್ಕೋತಾನ."

ಮೋಟಾರಿಗೆ ನನ್ನ ಹೆಸರು! ಹೊಲ ಸ್ವಂತ ಮಗನಿಗೆ! ಎಲ್ಲರ ಎದುರಿಗೆ!

ನನಗೆ ರೆಕ್ಕೆ ಬಂದ ಹಾಗಾಗಿತ್ತು. ಪೆಟ್ಟಿಗೆಯನ್ನು ಚಿಮಣಿ ಎಣ್ಣೆಯಿಂದ ತೊಳೆದೆ. ಒಂದೊಂದು ಹಲ್ಲನ್ನೂ ಬಟ್ಟೆಯಿಂದ ಒರೆಸಿದೆ. ಎರಡನೇ ಗೇರಿನ ಅಂಚು ನಿಜವಾಗಿಯೂ ಸವೆದಿದೆ. ಇರಲಿ. ಹಾಡು ಗುನುಗುತ್ತಿದ್ದೆನಂತೆ. ಶಾರದಾ ಹೇಳಿದಳು. ಅವಳು ಚಹಾ ಇಡಲಿಲ್ಲ.

೯ ಜುಲೈ, ಸೋಮವಾರ

ವಾರದಿಂದ ಬರೆದಿಲ್ಲ. ಬರೆಯಲು ಪುರುಸೊತ್ತೆಲ್ಲಿ? ದಿನಾ ಸೋಲಾಪುರ, ದಿನಾ ಅಕ್ಕಲಕೋಟೆ. ಎದುರಿಗೆ ಬಂದವರೆಲ್ಲ ಕೈ ಎತ್ತುತ್ತಾರೆ. ಹೊಸ ಎಣ್ಣೆ ಹಾಕಿದ ಮೇಲೆ ಕೋಲು ಹಗುರ. ಏರಿನಲ್ಲಿ ಸದ್ದು ಇನ್ನೂ ಇದೆ, ಆದರೆ ಹೋಲಿಸಿ ನೋಡಲು ಪಕ್ಕದಲ್ಲಿ ಯಾರೂ ಇಲ್ಲ.

ಇಷ್ಟು ಬರೆದು ಇಟ್ಟಿದ್ದೆ. ಈಗ ಮತ್ತೆ ಕುಳಿತೆ.

ಊಟಕ್ಕೆ ಕುಳಿತಾಗ ಬಸಣ್ಣನ ಗೊಟ್ಟದ ಕಥೆ ತೆಗೆದು ನಕ್ಕೆ. ದಿನಾ ನಗುತ್ತೇನೆ. ಇವತ್ತು ಶಾರದಾ ಬುಟ್ಟಿ ಕೆಳಗಿಟ್ಟಳು.

"ಗೊಟ್ಟ ಹಾಕಿದಾಕಿ ನಾ ರೀ."

ರೊಟ್ಟಿ ಕೆಳಗಿಟ್ಟು ಅವಳ ಕಡೆ ತಿರುಗಿದೆ.

"ನಮ್ಮ ತವರಮನ್ಯಾಗ ಗಂಡನ ಎತ್ತಿಗೆ ಹೆಂಡತಿನ ಹಾಕ್ತಾಳ. ಹಾಕಿದ್ರ ಅದು ಅವನ ಕೈಯಾಗ ಮೊಂಡ ಬೀಳಂಗಿಲ್ಲ ಅಂತಾರ. ಅವತ್ತ ಬಸಣ್ಣ ಮುಚ್ಚಳ ಬಿಚ್ಚಿಟ್ಟು ಒಳಗ ಹೋಗಿದ್ದ, ಯಾರೂ ಇರಲಿಲ್ಲ. ಅದ ಅದರ ಬಾಯಿ ಅಂತ ತಿಳಕೊಂಡೆ. ನಿಮ್ಮ ಮಾತು ಕೇಳ್ಲಿ ಅಂತ..." ಸೆರಗು ಬಾಯಿಗೆ ಹಿಡಿದಳು.

"ಬಸಣ್ಣಗ ಗೊತ್ತಿತ್ತೇನು?"

"ನಾ ಗೊಟ್ಟ ಹಿಡಕೊಂಡು ಗಾಡಿಯಿಂದ ಇಳಿಯೂದು ನೋಡಿದ್ದ. ಪೂಜಿ ಮಾಡೀನಿ ಅಂತ ತಿಳಕೊಂಡ. ಪೆಟ್ಟಗಿ ಬಿಚ್ಚಿದಾಗ ಹೊಳದಿರಬೇಕು."

"ಮತ್ತ ನನಗ್ಯಾಕ ಹೇಳಲಿಲ್ಲ? ವಾರ ಆತು!"

"ನೀವು ಭಾಳ ಖುಷಿಯಾಗಿದ್ರಿ" ಅಂದಳು.

೧೦ ಜುಲೈ, ಮಂಗಳವಾರ

ಗಾಡಿ ತೆಗೆಯಲಿಲ್ಲ. ತಲೆನೋವೆಂದೆ.

ನನ್ನ ಹೆಂಡತಿ ನನ್ನ ಸಲುವಾಗಿ ಹಾಕಿದ್ದು. ಅದರ ಬೈಗುಳ ಅವನು ಹೊತ್ತ. ಅವಳ ಮಾನ ಅವನು ಕಾಯ್ದ. ಒಂದು ವಾರದಿಂದ ಅವಳು ರೊಟ್ಟಿ ಬಡಿಯುವಾಗ, ನೀರು ತರುವಾಗ, ಮನಸ್ಸಿನಲ್ಲಿ ಅವನಿಗೆ ಕೈಮುಗಿದಿರಬೇಕಲ್ಲ? ಮುಗಿಯದೆ ಇರುತ್ತಾಳೆಯೇ? ಗೇರ್ ಹಾಕುವುದರಲ್ಲಿ ಮುಂದಿರಲಿ, ಹಾಳಾಗಿ ಹೋಗಲಿ. ಇದರಲ್ಲೂ ಮುಂದೆಯೇ? ನನ್ನ ಹೆಂಡತಿಯ ತಪ್ಪು ಹೊರಲು ನಾನು ಬದುಕಿಲ್ಲವೇ?

ಮೋಟಾರಿನ ಸೀಟು ಬೇಕು. ಸೀಟು ಬಿಡಲಾರೆ. ಆದರೆ ಅವನು ಹೊತ್ತದ್ದನ್ನು ಅವನ ಹೆಗಲ ಮೇಲೆ ಬಿಟ್ಟು ಆ ಸೀಟಿನಲ್ಲಿ ಕೂರಲೂ ಆಗುತ್ತಿಲ್ಲ. ಮುಳ್ಳು ಚುಚ್ಚಿದ ಹಾಗಿದೆ.

ಸಂಜೆ

ಹೋಗಿ ಹೇಳಿಬಿಟ್ಟೆ.

"ಕಾಕಾ, ಗೊಟ್ಟ ಹಾಕಿದಾಂವ ನಾ."

"ನೀನಾ? ಸೋಲಾಪುರದಾಗ ಕಲ್ತ ಬಂದಾಂವ ನೀನಾ?"

"ಹೌದ್ರಿ."

"ಮತ್ತ ಬಸ್ಯಾ ಯಾಕ ಒಪ್ಪಿದ?"

ಇದಕ್ಕೊಂದು ಉತ್ತರ ಬೇಕಿತ್ತು. ಹಲ್ಲು ಕಚ್ಚಿ ಅಂದೆ, "ಅಣ್ಣನ ಮಾನ ಉಳಸಾಕ."

ಕಾಕಾರ ಕಣ್ಣು ತೇವವಾದವು. ನನಗಾಗಿ ಅಲ್ಲ, ಮಗನಿಗಾಗಿ. "ನೀ ಹೋಗು ಭಂಡಾರಕವಠೆಗೆ. ಹೆಂಡತೀನ್ನೂ ಕರಕೊಂಡು ಹೋಗು" ಅಂದರು. ಅಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿದೆ. ಬಸಣ್ಣನ ತಾಯಿ ಗುರುಲಿಂಗಮ್ಮ ಕಾಕೂ ಮಗನ ಗುಣ ಹೇಳಿ ಹೇಳಿ ಅಳುತ್ತಿದ್ದಾಳೆ. ಬಸಣ್ಣನಂಥ ತಮ್ಮ ಯಾರಿಗಿದ್ದಾನೆ ಎನ್ನುತ್ತಿದ್ದಾರೆ. ನನಗಿದ್ದಾನೆ. ನನಗೇ ಇರಬೇಕಿತ್ತೇ?

೧೩ ಜುಲೈ, ಶುಕ್ರವಾರ. ಭಂಡಾರಕವಠೆ

ಕಾಕಾ ಬಸಣ್ಣನನ್ನು ವಾಪಸು ಕರೆಸಿದರು; ಅವನೇ ನಮ್ಮನ್ನು ಗಾಡಿಯಲ್ಲಿ ತಂದು ಬಿಟ್ಟ. ಸಾಮಾನು ಇಳಿಸಿ, ಕಾಲು ಮುಟ್ಟಲು ಬಗ್ಗಿದ. ಹಿಂದೆ ಸರಿದೆ.

"ಅಣ್ಣಾ, ನಾ ಸಹಜ ಹೊತ್ಕೋತಿದ್ನಲ್ಲ. ಯಾಕ ಹೇಳಾಕ ಹೋದಿ?"

"ನೀ ಯಾಕ ಹೊತ್ಕೋಬೇಕು?" ಅಂದೆ. ದನಿ ಒರಟಾಯಿತು. ಅವನಿಗೆ ಅರ್ಥವಾಯಿತೋ ಇಲ್ಲವೋ. ತಲೆ ತಗ್ಗಿಸಿಕೊಂಡು ಹೋದ.

ಮನೆ ಸಣ್ಣದು. ಕೊಟ್ಟಿಗೆಯಲ್ಲಿ ಎರಡು ಎತ್ತು. ಹೋಗಿ ಬೆನ್ನ ಮೇಲೆ ಕೈಯಿಟ್ಟೆ, ಸುಮ್ಮನೆ ನಿಂತವು.

ಶಾರದಾ ಒಲೆ ಹಚ್ಚಿ, ಬಂದು ಹೊಸ್ತಿಲ ಮೇಲೆ ನನ್ನ ಹತ್ತಿರ ಕುಳಿತಳು. ಇಷ್ಟು ಹತ್ತಿರ ಹಗಲಲ್ಲಿ ಎಂದೂ ಕುಳಿತವಳಲ್ಲ.

"ನನ್ನ ಸಲುವಾಗಿ ಮೋಟಾರ ಬಿಟ್ಟ್ರಿ. ನನ್ನ ಮ್ಯಾಲ ಇಷ್ಟು ಜೀವ ಐತಿ ಅಂತ ನನಗ ಗೊತ್ತ ಇರಲಿಲ್ಲ ರೀ."

"ಐತಿ" ಅಂದೆ.

ಸುಳ್ಳಲ್ಲ. ಆದರೆ ಅವನು ಹೊತ್ತುಕೊಳ್ಳದೆ ಇದ್ದಿದ್ದರೆ? ಆ ದಿನ ಕಾಕಾ ಕೇಳಿದಾಗ ಬಸಣ್ಣ ಬಾಯಿ ಬಿಡದೆ, ಅವಳೇ ಮುಂದೆ ಬಂದು ನಾನೆಂದಿದ್ದರೆ? ಆಗಲೂ ನಾನು ಎದ್ದು ನಿಲ್ಲುತ್ತಿದ್ದೆ. ಅವಳನ್ನು ಹಿಂದೆ ಸರಿಸಿ ನಾನೇ ಅಂತ... ನಿಲ್ಲುತ್ತಿದ್ದೆ. ಖಂಡಿತ ನಿಲ್ಲುತ್ತಿದ್ದೆ ಅಂತ ಬರೆದಿಡಬೇಕು. ಅವನ ಮೇಲಿನ ಹೊಟ್ಟೆಕಿಚ್ಚು ಇಲ್ಲದೆಯೂ ನಾನು—