ಕರೆಂಟಿನ ಕಾರು, ಅತ್ತೆಯ ಉಸಿರು

ಜುಲೈ ೯, ಮಂಗಳವಾರ

ಕರೆಂಟಿನ ಕಾರು ತಂದೇ ತರುತ್ತೇನೆಂದು ಇವರು ಹಟ ಹಿಡಿದಿದ್ದಾರೆ. ನನಗೆ ಊಟವೇ ಸೇರಲಿಲ್ಲ. ಪ್ರಾರ್ಥನೆಗೆ ಕೂತರೂ ಮನಸ್ಸು ಅಲ್ಲೇ ಸುತ್ತುತ್ತಿತ್ತು.

ಅತ್ತೆಗೆ ಹಗಲೂ ರಾತ್ರಿ ಆಕ್ಸಿಜನ್ ಮಿಷನ್ನು ಬೇಕು. ಕರೆಂಟು ಹೋದರೆ ಅದು ನಿಲ್ಲುತ್ತದೆ. ಆಗ ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ಕಾರೂ ಕರೆಂಟಿನದೇ ಆದರೆ ಏನು ಗತಿ? ಸಂಜೆ ಅದನ್ನೇ ಕೇಳಿದೆ.

"ಅದು ಮೊದಲೇ ಚಾರ್ಜ್ ಆಗಿರುತ್ತೆ ಕಣೇ, ಫೋನಿದ್ದ ಹಾಗೆ. ಬೇಕಾದ್ರೆ ಅಮ್ಮನ ಮಿಷನ್ನೂ ಅದಕ್ಕೇ ಸಿಗಿಸಬಹುದಂತೆ," ಎಂದರು.

"ನಿಮ್ಮ ಫೋನ್ ಯಾವತ್ತು ಚಾರ್ಜ್ ಆಗಿತ್ತು ಹೇಳಿ?"

ಅತ್ತೆ ನಗಲು ಹೋಗಿ ಕೆಮ್ಮಿದರು.

ನಿಜ ಹೇಳಬೇಕೆಂದರೆ ನನ್ನ ಅನುಮಾನ ಕಾರಿನ ಮೇಲಲ್ಲ, ಇವರ ಮೇಲೆ. ಕೆಂಪು ದೀಪ ಹತ್ತುವ ತನಕ ಪೆಟ್ರೋಲ್ ಹಾಕಿಸಿದವರೇ ಅಲ್ಲ. ಎಷ್ಟೋ ಸಲ ನನ್ನನ್ನು ನಡುದಾರಿಯಲ್ಲಿ ಕೂರಿಸಿ ಕ್ಯಾನು ಹಿಡಿದು ಹೋಗಿದ್ದಾರೆ. ಕರೆಂಟನ್ನು ಯಾವ ಕ್ಯಾನಿನಲ್ಲಿ ತರುತ್ತಾರೆ?

ಇದನ್ನೂ ಬಾಯಿಬಿಟ್ಟು ಅಂದುಬಿಟ್ಟೆ. ಇವರು ಮುಖ ಊದಿಸಿಕೊಂಡು ಎದ್ದು ಹೋದರು.

ಅತ್ತೆ ನನ್ನ ಕೈ ಹಿಡಿದು ಎಳೆದರು. "ತರಲಿ ಬಿಡೇ. ಬೀಗದ ಕೈ ಅವನ ಹತ್ರ ಇರಲಿ, ವೈರು ನಿನ್ನ ಹತ್ರ. ದಿನಾ ಸಂಜೆ ನೀನೇ ಸಿಗಿಸು. ನೀನು ದೇವರಿಗೆ ದೀಪ ಹಚ್ಚೋದು ಮರೆತಿದ್ದು ನಾನಂತೂ ನೋಡಿಲ್ಲ."

ಹಾಗೆಂದು ಅವರು ನಿಶ್ಚಿಂತೆಯಿಂದ ಮಲಗಿದ್ದಾರೆ. ನನಗೆ ನಿದ್ದೆ ಹತ್ತುತ್ತಿಲ್ಲ. ಇಷ್ಟು ದಿನ ಏನು ತಪ್ಪಿದರೂ ಇವರನ್ನು ಬಯ್ದು ಹಗುರಾಗುತ್ತಿದ್ದೆ. ಇನ್ನು ಒಂದು ಸಂಜೆ ತಲೆನೋವೆಂದು ನಾನೇ ಮಲಗಿಬಿಟ್ಟರೆ, ಅವತ್ತೇ ಕರೆಂಟು ಹೋದರೆ? ದೇವರೇ, ಅತ್ತೆ ನಂಬಿದಷ್ಟು ನನ್ನನ್ನು ನಾನು ನಂಬುವ ಹಾಗೆ ಮಾಡು.