ಒಡಪಿನಲ್ಲಿ ಹೇಳಿದ ಹೆಸರು

ಉದ್ಯಾವರ,
೧೪ ಫೆಬ್ರವರಿ ೨೦೦೩

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲಿನ ಬಾವು ಇಳಿಯಿತೇ? ಎಣ್ಣೆ ಕಾಯಿಸಿ ಹಚ್ಚಲು ಅತ್ತಿಗೆಗೆ ಹೇಳು, ನೀನೇ ಬಗ್ಗಬೇಡ. ಇದನ್ನು ಅಂಚೆಯ ಕರಿಬಸವಣ್ಣ ಓದಿ ಹೇಳುವಾಗ ನಡುವೆ ಹಾರಿಸದಿರಲಿ. ನಾನು ಚೆನ್ನಾಗಿದ್ದೇನೆ, ದಣಿವು ಮಾತ್ರ ಮಲಗಿ ಎದ್ದರೂ ಹೋಗುವುದಿಲ್ಲ.

ನಾನು ಮನೆಗೆಲಸ ಮಾಡುವ ಝೀಟಾ ಮೇಡಂ ಮಣಿಪಾಲದಲ್ಲಿ ಇಂಗ್ಲಿಷ್ ಕಲಿಸುತ್ತಾರೆಂದು ಬರೆದಿದ್ದೆನಲ್ಲ. ಅವರೀಗ ಇಂಗ್ಲಿಷಿನಲ್ಲಿ ಕಾದಂಬರಿ ಬರೆದಿದ್ದಾರೆ, ಅದರಲ್ಲಿ ನೀನಿದ್ದೀಯ. ಅಪ್ಪ ಕಟ್ಟಡದಿಂದ ಬಿದ್ದು ತೀರಿಕೊಂಡ ದಿನ ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ನೀನು ಹೇಳದೆ ನಿಂತದ್ದು, ಕೊನೆಗೆ ನಾನು ಹೇಳಿದ್ದು, ಇಷ್ಟನ್ನು ಪಾತ್ರೆ ತೊಳೆಯುತ್ತಾ ಒಮ್ಮೆ ಅವರಿಗೆ ಹೇಳಿದ್ದೆ. ಹೋದ ತಿಂಗಳು ಕೊನೆಯ ಅಧ್ಯಾಯವನ್ನು ಕನ್ನಡ ಮಾಡಿ ಓದಿದರು. ಅಲ್ಲಿ ನೀನು ಜೀವಮಾನದಲ್ಲಿ ಒಮ್ಮೆಯೂ ಆ ಹೆಸರು ಹೇಳದೆ ಸಾಯುತ್ತೀಯ. ಬಿಳಿಯರು ಆಳಿದ ದೇಶಗಳಲ್ಲಿ ಬಡ ಹೆಂಗಸರ ಮಾತನ್ನು ಅವರೂ ಬರೆದಿಡಲಿಲ್ಲ, ನಮ್ಮ ದೊಡ್ಡವರೂ ಬರೆದಿಡಲಿಲ್ಲ. ಈಗಿನ ಇಂಗ್ಲಿಷ್ ಕಾದಂಬರಿ ಆ ಮೌನವನ್ನೇ ಬರೆಯಬೇಕು ಎಂಬ ವಿಚಾರವಿದೆಯಂತೆ. ಮೇಡಂ ಹದಿನೈದು ವರ್ಷದಿಂದ ಅದನ್ನೇ ಕಲಿಸುತ್ತಿದ್ದಾರೆ. ಕೇಳುವಾಗ ನನಗೂ ನಿಜವೆನ್ನಿಸಿತು.

ಆದರೆ ಅಕ್ಕನ ಸೀಮಂತದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಸೇರಿಸಿ ಒಡಪು ಹೇಳದೆ ಬಿಡೆವೆಂದಾಗ ನೀನು ಸೆರಗು ಎಳೆದುಕೊಂಡು, “ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೇನಿ, ತಿಮ್ಮಣ್ಣನ ಹೆಸರ ಹೇಳಿಬಿಟ್ಟೇನಿ” ಎಂದಿದ್ದೆ. ಅಂಗಳದಲ್ಲಿದ್ದ ಅಪ್ಪನ ಕೈಯಿಂದ ಬೀಡಿ ಬಿದ್ದಿತ್ತು. ಮೇಡಂಗೆ ಅರ್ಧ ಮಾತ್ರ ಹೇಳಿದ್ದು ನನ್ನದೇ ತಪ್ಪು. ಉಳಿದರ್ಧ ಹೇಳಲು ಧೈರ್ಯ ಬರಲಿಕ್ಕೆ ಮೂರು ದಿನ ಬೇಕಾಯಿತು. ಕೇಳಿದ ಮೇಲೆ ಮೇಡಂ, “ಚಂದ ಉಂಟು ಮಾರಾಯ್ತಿ. ಆದರೆ ಇದನ್ನು ಸೇರಿಸಿದರೆ ನನ್ನ ಪುಸ್ತಕವೇ ನಿಲ್ಲುವುದಿಲ್ಲ, ಎಂತ ಮಾಡುವುದು?” ಎಂದರು. ಕೆಟ್ಟವರಲ್ಲ ಅವ್ವಾ, ಅವರ ಮುಖವೂ ಸೋತಿತ್ತು. ಪುಸ್ತಕ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ನಾನು ನೆಲ ಒರೆಸಿ ಬಂದೆ.

ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ. ಹುಲಿಗೆಮ್ಮ ತಾಯಿ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಮಗಳು,
ಶರಣಮ್ಮ

ಇನ್ನೊಂದು ಮಾತು: ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳೆಂದು ನಗಬೇಡ. ಆ ಸೀಮಂತವನ್ನು ನಾನೇ ಕನ್ನಡದಲ್ಲಿ ಕಥೆಯಾಗಿ ಬರೆದಿದ್ದೇನೆ. ಉಡುಪಿಯ ಒಂದು ವಾರಪತ್ರಿಕೆಯವರು ಹಾಕುತ್ತೇವೆ ಎಂದಿದ್ದಾರೆ. ಅದರಲ್ಲಿ ನಿನ್ನ ಒಡಪು ಇದೆ. ಅಪ್ಪ ಹೋದ ಮೇಲೆ ನೀನು ಅದನ್ನು ಹೇಳಿಲ್ಲವೆಂದು ಬಲ್ಲೆ. ಗೊತ್ತಿಲ್ಲದ ಮಂದಿ ಓದುವಲ್ಲಿ ನಿನ್ನ ಬಾಯಿಂದ ಆ ಹೆಸರು ಬರಬಹುದೇ? ಬೇಡವೆಂದರೆ ಹರಿದುಹಾಕುತ್ತೇನೆ. ಅಣ್ಣನ ಕೈಯಲ್ಲಿ ಬರೆಸಬೇಡ. ಇಪ್ಪತ್ತಮೂರರ ಭಾನುವಾರ ಹತ್ತು ಗಂಟೆಗೆ ಇಲ್ಲಿಯ ಬರ್ತಾ ಬಾಯಿ ಎಂಬವರ ಅಂಗಡಿಯ ಫೋನಿನ ಹತ್ತಿರ ಇರುತ್ತೇನೆ, ನೀನೇ ಫೋನ್ ಮಾಡಿ ಹೇಳು.